ಅಡಿಕೆ ಸೋಗೆ ಹಳದಿ ಆಯ್ತಾ? ಔಷಧಿ ಹೊಡೆಯುವ ಮೊದಲು ಇಷ್ಟು ನೋಡಿ

ಸುಳ್ಯದ ಗೆಳೆಯನೊಬ್ಬ ಅಡಿಕೆ ಸೋಗೆಯ ಫೋಟೊ ಕಳಿಸಿ ಕೇಳಿದ: 'ಇದು ಎಂತದು ಮಾರಾಯ, ಚುಕ್ಕಿಯಾ, ಹಳದಿಯಾ?'

ಬೆಂಗಳೂರಿನ ಬಾಲ್ಕನಿಯಲ್ಲಿ ಕುಂಡದ ಸಕ್ಯುಲೆಂಟ್ ಎಲೆ ಹಳದಿಯಾದರೆ ಅಂದಾಜಿನ ಮೇಲೆ ನೀರು ಕಮ್ಮಿ ಮಾಡಿ ನೋಡಬಹುದು. ತಪ್ಪಿದರೆ ಹೋಗುವುದು ಒಂದು ಗಿಡ. ಪುತ್ತೂರು, ಸುಳ್ಯ, ಕಡಬದಲ್ಲಿ ಅಂದಾಜು ತಪ್ಪಿದರೆ ಒಂದು ಮನೆಯ ಆದಾಯವೇ ಹೋಗುತ್ತದೆ. ದೂರದಿಂದ ಒಂದೇ ಥರ ಕಾಣುವ ಹಳದಿಗೆ ಇಲ್ಲಿ ಮುಖ್ಯವಾಗಿ ಮೂರು ಕಾರಣ.

ಮೊದಲನೆಯದು ಎಲೆಚುಕ್ಕಿ. ಇದು ಶಿಲೀಂಧ್ರ. ಕಂದು ಚುಕ್ಕಿ, ಸುತ್ತ ಹಳದಿ ಉಂಗುರ. ಚುಕ್ಕಿಗಳು ಕೂಡಿಕೊಂಡು ಸೋಗೆ ಒಣಗಿ ಜೋತುಬೀಳುತ್ತದೆ. ಸಾಮಾನ್ಯವಾಗಿ ಕೆಳಗಿನ ಸೋಗೆಯಲ್ಲಿ ಶುರು. ಮಳೆ ಹನಿ, ಗಾಳಿಯ ಜತೆ ಪಕ್ಕದ ತೋಟಕ್ಕೂ ದಾಟುತ್ತದೆ. ರೋಗ ತಗುಲಿದ ಸೋಗೆ ಕಡಿದು ಸುಡುವುದು, ಶಿಲೀಂಧ್ರನಾಶಕ ಸಿಂಪಡಿಸುವುದು ಇದಕ್ಕೆ ದಾರಿ. ಒಬ್ಬರೇ ಮಾಡಿದರೆ ಸಾಲದು, ಊರಿಡೀ ಮಾಡಬೇಕು.

ಎರಡನೆಯದು ಹಳದಿ ಎಲೆ ರೋಗ. ಸಂಪಾಜೆ, ಅರಂತೋಡು, ಮರ್ಕಂಜದವರಿಗೆ ಇದರ ಪರಿಚಯ ಬೇಡ. ಇಲ್ಲಿ ಚುಕ್ಕಿ ಇರುವುದಿಲ್ಲ. ಗರಿಯ ತುದಿಯಿಂದ ಹಳದಿ ಒಳಕ್ಕೆ ಬರುತ್ತದೆ, ನಡುನರದ ಪಕ್ಕ ಹಸಿರು ಪಟ್ಟಿ ಉಳಿಯುತ್ತದೆ. ಕಾಯಿ ಉದುರುತ್ತದೆ, ಒಡೆದು ನೋಡಿದರೆ ತಿರುಳು ಕಪ್ಪು, ಮೆತ್ತಗೆ. ವರ್ಷ ಕಳೆದಂತೆ ಮರದ ಮಂಡೆ ಸಣ್ಣದಾಗುತ್ತದೆ. ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ, ಹರಡುವುದು ರಸ ಹೀರುವ ಜಿಗಿಹುಳು. ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಇದಕ್ಕೆ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ.

ಮೂರನೆಯದು ರೋಗವೇ ಅಲ್ಲ. ತೋಟದ ತಗ್ಗಿನ ಮರಗಳು ಮಾತ್ರ ಹಳದಿಯಾಗಿದ್ದರೆ ಕಣಿ ನೋಡಿ, ನೀರು ನಿಂತಿರಬಹುದು. ಹಳೆ ಸೋಗೆ ಮಾತ್ರ ಬಣ್ಣಗೆಟ್ಟು ಕಾಯಿ ಚೆನ್ನಾಗಿದ್ದರೆ ಪೊಟ್ಯಾಶ್, ಮೆಗ್ನೀಷಿಯಂ ಕೊರತೆ ಇರಬಹುದು. ಮಣ್ಣು ಪರೀಕ್ಷೆ ಮಾಡಿಸಿ.

ಕಷ್ಟ ಏನೆಂದರೆ, ಒಂದೇ ಮರದಲ್ಲಿ ಎರಡೂ ಇರಬಹುದು. ಹಾಗಾಗಿ ಫೋಟೊ ನೋಡಿ ನಾನು ತೀರ್ಪು ಕೊಡಲಿಲ್ಲ. ಸೋಗೆ, ಕಾಯಿ ಎರಡನ್ನೂ ಹಿಡಿದು ವಿಟ್ಲದ ಸಿಪಿಸಿಆರ್‌ಐಗೆ ಹೋಗು ಅಂದೆ.

ಇಲ್ಲಿಗೆ ಗಿಡದ ಕಥೆ ಮುಗಿದು ರಾಜಕೀಯ ಶುರು. 2021ರ ರಾಜ್ಯ ಬಜೆಟ್‌ನಲ್ಲಿ ಹಳದಿ ರೋಗದ ಸಂಶೋಧನೆ, ಪರ್ಯಾಯ ಬೆಳೆಗೆ 25 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಹವಾಮಾನ ಆಧಾರಿತ ಬೆಳೆ ವಿಮೆ ನೋಡುವುದು ಮಳೆ, ಉಷ್ಣತೆಯ ಲೆಕ್ಕವನ್ನು. ನಿಮ್ಮ ಮರದ ಸೋಗೆಯನ್ನಲ್ಲ. ಚುಕ್ಕಿ ಬಂದವನಿಗೆ ಬೇಕಾದದ್ದು ಸಿಂಪಡಣೆಗೆ ನೆರವು, ದೋಟಿ, ಕೆಲಸಕ್ಕೆ ಜನ. ಹಳದಿ ಬಂದವನಿಗೆ ಬೇಕಾದದ್ದು ರೋಗ ತಡೆಯುವ ಸಸಿ, ಅದು ಫಲ ಕೊಡುವವರೆಗಿನ ಅಷ್ಟೂ ವರ್ಷ ಬದುಕಲು ಬೇರೆ ಆದಾಯ. ಎರಡಕ್ಕೂ ಒಂದೇ ಪರಿಹಾರ ಪ್ಯಾಕೇಜ್ ಅಂದರೆ ಇಬ್ಬರಿಗೂ ಪ್ರಯೋಜನ ಇಲ್ಲ.

ಮುಂದಿನ ಗ್ರಾಮಸಭೆಗೆ ಹೋದರೆ ಒಂದು ಪ್ರಶ್ನೆ ಕೇಳಿ: ನಮ್ಮ ಪಂಚಾಯಿತಿಯಲ್ಲಿ ಯಾವ ತೋಟಕ್ಕೆ ಯಾವ ರೋಗ, ಪರೀಕ್ಷೆ ಮಾಡಿದ ಪಟ್ಟಿ ಉಂಟಾ?