ಜಪಾನನ್ನು ತಿಳಿಸುವ ಇಂಗ್ಲಿಷ್ ಪದಗಳು: ಮೈಸೂರಿನ ನೆಲೆಯಿಂದ ಒಂದು ವಿವೇಚನೆ

ಮೈಸೂರಿನ ವಿದ್ಯಾವಂತರು ಜಪಾನನ್ನು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಅರಿತರು. 1898ರಲ್ಲಿ ಆ ದೇಶವನ್ನು ಕಂಡುಬಂದ ಸರ್ ಎಂ. ವಿಶ್ವೇಶ್ವರಯ್ಯನವರು 1920ರಲ್ಲಿ ಪ್ರಕಟವಾದ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಗ್ರಂಥದಲ್ಲಿ ಅದನ್ನು ಭಾರತದೊಡನೆ ಹೋಲಿಸಿದ್ದು ಇಂಗ್ಲಿಷಿನಲ್ಲಿಯೇ. ಆದರೆ ಈ ಮಧ್ಯವರ್ತಿ ಭಾಷೆಯ ಪದಗಳನ್ನು ಎಚ್ಚರದಿಂದ ಕಲಿಯಬೇಕಾಗುತ್ತದೆ.

ಜಪಾನಿನ ಸಂಸತ್ತಿಗೆ ಇಂಗ್ಲಿಷಿನಲ್ಲಿ ‘ಡಯಟ್’ ಎಂದು ಹೆಸರು. ಪಥ್ಯಾಹಾರವೆಂಬ ಅರ್ಥವನ್ನಷ್ಟೇ ಬಲ್ಲ ನಮ್ಮ ವಿದ್ಯಾರ್ಥಿಗಳು ಇಲ್ಲಿ ತಡವರಿಸುವುದುಂಟು. ಇದು ಯುರೋಪಿನ ಶಾಸನಸಭೆಗಳಿಗಿದ್ದ ಹಳೆಯ ಹೆಸರು. 1890ರಲ್ಲಿ ಮೊದಲು ಸೇರಿದ ಸಾಮ್ರಾಜ್ಯ ಸಭೆಗೂ 1947ರ ಸಂವಿಧಾನದ ಸಂಸತ್ತಿಗೂ, ವಿಶೇಷಣ ಬದಲಾದರೂ, ‘ಡಯಟ್’ ಎಂಬುದೇ ಉಳಿಯಿತು. ಜಪಾನೀ ಭಾಷೆಯಲ್ಲಾದರೋ ‘ತೇಯ್ಕೊಕು ಗಿಕಾಯ್’ ಹೋಗಿ ‘ಕೊಕ್ಕಾಯ್’ ಬಂದಿತು. ಪರಮಾಧಿಕಾರವು ಚಕ್ರವರ್ತಿಯಿಂದ ಜನತೆಗೆ ಸಂದ ಪಲ್ಲಟವನ್ನು ‘ಡಯಟ್’ ತಿಳಿಸದು. ಆದ್ದರಿಂದ ಪದದೊಡನೆ ಅದರ ಮೂಲವನ್ನೂ ಕಾಲವನ್ನೂ ಕಲಿಯುವುದು ಅವಶ್ಯಕ.