ಖಣಿಯ ನೀರು, ಕಡಿಯದ ನುಸಿ

ವಾಡಿ, ಶಹಾಬಾದ್ ಸೀಮೆಯಲ್ಲಿ ಫರ್ಸಿ ಕಲ್ಲು ತೆಗೆದು ಬಿಟ್ಟ ಖಣಿಗಳಿಗೆ ಲೆಕ್ಕವಿಲ್ಲ. ಖಡಕ್ ರೊಟ್ಟಿ ಒಟ್ಟಿದ ಹಾಗೆ ಪದರು ಪದರಾಗಿ ಕೂತ ಸುಣ್ಣಗಲ್ಲಿನ ಗೋಡೆ, ಅದರ ಬುಡದಲ್ಲಿ ಮಳೆಗೆ ತುಂಬಿ ಹಸಿರುಗಟ್ಟಿದ ನೀರು. ಹೊತ್ತು ಮುಳುಗುವಾಗ ದಂಡೆಯ ಜಾಲಿಗಿಡದ ನೆತ್ತಿಯಲ್ಲಿ ಹೊಗೆಯಂಥದೊಂದು ಕಂಬ ಏಳುತ್ತದೆ. ಗಾಳಿ ಬೀಸಿದರೆ ವಾಲುತ್ತದೆ, ಗಾಳಿ ನಿಂತರೆ ಮತ್ತೆ ಅದೇ ನೆತ್ತಿಗೆ ಬಂದು ಏರಿಳಿಯುತ್ತದೆ. ದನ ಹೊಡಕೊಂಡು ಬರುವವರು ‘ಎಷ್ಟು ಸೊಳ್ಳಿ ಆಗ್ಯಾವ!’ ಎಂದು ಸೆರಗಿನಿಂದ ಮುಖ ಮುಚ್ಚಿ ದಾಟುತ್ತಾರೆ.

ಸೊಳ್ಳೆಯಲ್ಲ. ಇದು ಕೈರೊನೋಮಸ್ ಕುಲದ ನುಸಿ. ರಕ್ತ ಹೀರುವ ಸೂಜಿಬಾಯಿ ಇದಕ್ಕಿಲ್ಲ. ಕಂಬ ಕಟ್ಟಿ ಕುಣಿಯುವವು ಗಂಡುಗಳು. ಅವುಗಳ ತಲೆಯ ಮೇಲೆ ಎರಡು ಪುಟ್ಟ ಗರಿಗಳು. ಹೆಣ್ಣಿನ ರೆಕ್ಕೆಯ ದನಿಯನ್ನು ಅವು ಆ ಗರಿಯಿಂದಲೇ ಕೇಳುತ್ತವೆ. ಹೆಣ್ಣು ಗುಂಪಿನೊಳಗೆ ನುಗ್ಗುತ್ತದೆ, ಜೋಡಿ ಕೂಡುತ್ತದೆ, ಆಮೇಲೆ ನೀರಿನಂಚಿಗೆ ಹೋಗಿ ಲೋಳೆಯಲ್ಲಿ ಸುತ್ತಿದ ನೂರಾರು ಮೊಟ್ಟೆಗಳನ್ನು ಇಟ್ಟುಬಿಡುತ್ತದೆ. ರೆಕ್ಕೆ ಬಂದ ಮೇಲಿನ ಬಾಳು ಕೆಲವೇ ದಿನ.

ನಿಜವಾದ ಬಾಳೆಲ್ಲ ಕೆಳಗೆ, ಕೆಸರಿನಲ್ಲಿ. ಒಂದು ಬೊಗಸೆ ರಾಡಿ ಎತ್ತಿ ತೊಳೆದು ನೋಡಿ: ಕುಂಕುಮದ ಎಳೆಯಂಥ ಹುಳುಗಳು ಮಿಸುಕುತ್ತವೆ. ಆ ಕೆಂಪು ಹಿಮೋಗ್ಲೋಬಿನ್‌ನದು. ನಮ್ಮ ನೆತ್ತರಿಗೆ ಬಣ್ಣ ಕೊಟ್ಟ ವಸ್ತುವೇ ಕೀಟದ ಮೈಯಲ್ಲೂ ಇರುವುದು ಬಲು ಅಪರೂಪ. ಪ್ರಾಣವಾಯು ತೀರ ಕಡಿಮೆಯಿರುವ ತಳದಲ್ಲಿ ಇದರ ಬಲದಿಂದಲೇ ಅವು ಉಸಿರು ಹಿಡಿದಿರುತ್ತವೆ. ಬಾಯಿಂದ ಬರುವ ರೇಷ್ಮೆಗೆ ಮಣ್ಣು ಮೆತ್ತಿ ಕೊಳವೆ ಕಟ್ಟಿಕೊಳ್ಳುತ್ತವೆ. ಅದರೊಳಗೆ ಮೈ ಬಳುಕಿಸಿ ಹೊಸ ನೀರು ಎಳೆದುಕೊಳ್ಳುತ್ತವೆ. ಕೊಳೆತ ಎಲೆ, ಪಾಚಿಯ ಚೂರು ಅವುಗಳ ಊಟ. ನಾಲ್ಕು ಹಂತ ಬೆಳೆದು ಕೋಶವಾಗಿ, ಒಂದೆರಡು ದಿನಕ್ಕೆ ಮೇಲೆ ತೇಲಿ ಬಂದು, ಬೆನ್ನು ಬಿರಿದು ಹಾರುತ್ತವೆ. ನಮ್ಮ ಕಡೆಯ ಸೆಕೆಗೆ ಈ ಇಡೀ ಸುತ್ತು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ನೀರ ಮೇಲೆ ತೇಲುವ ಬಿಳಿ ಪೊರೆ ಅವು ಬಿಟ್ಟುಹೋದ ಅಂಗಿ.

ಈ ಹುಳು ಮೀನಿಗೆ ತುತ್ತು, ಕೊಡತಿಹುಳುವಿನ ಮರಿಗೂ ತುತ್ತು. ಹಾರಿದ ಮೇಲೆ ಕವಲುತೋಕೆ ಹಕ್ಕಿಗೆ, ಜೇಡಕ್ಕೆ, ಬಾವಲಿಗೆ ಊಟ. ಖಣಿಯ ತಳದ ಕೊಳೆ ಹೀಗೆ ಹಕ್ಕಿಯ ಮೈಯಾಗಿ ಮುಗಿಲಿಗೇರುತ್ತದೆ. ಹಾಗಂತ ತೊಂದರೆಯೇ ಇಲ್ಲವೆನ್ನಲಾರೆ: ದೀಪದ ಕೆಳಗೆ ರಾಶಿ ಸತ್ತು ಒಣಗಿದ ನುಸಿಯ ಪುಡಿ ಕೆಲವರಿಗೆ ಅಲರ್ಜಿ, ಉಬ್ಬಸ ತರುತ್ತದೆ. ಅಂಥ ಮನೆಯವರು ಸಂಜೆ ಹೊರಗಿನ ದೀಪ ಆರಿಸಿಟ್ಟರೆ ಒಳ್ಳೆಯದು.

ಸೊಳ್ಳೆ ಸಾಯಲೆಂದು ಖಣಿಗೆ ಎಣ್ಣೆ ಸುರಿಯುವ ಮೊದಲು ಗೋಡೆಯ ಮೇಲೆ ಕೂತ ಕೀಟವನ್ನು ಒಮ್ಮೆ ಹತ್ತಿರದಿಂದ ನೋಡಿ. ಹಿಂಗಾಲು ಎತ್ತಿದ್ದರೆ ಸೊಳ್ಳೆ. ಮುಂಗಾಲು ಎತ್ತಿದ್ದರೆ, ದಯವಿಟ್ಟು ಬಿಟ್ಟುಬಿಡಿ.