ತಾಮ್ರದ ವಿಷವನ್ನು ಯೀಸ್ಟ್ ಹೇಗೆ ಕಟ್ಟಿಹಾಕುತ್ತದೆ?



ಕಲಾಯಿ ಹಾಕದ ತಾಮ್ರದ ಪಾತ್ರೆಯಲ್ಲಿ ಹುಳಿ ಮಜ್ಜಿಗೆ ಇಡಬಾರದೆಂಬುದು ನಿಮಗೆ ಗೊತ್ತಿದ್ದ ಸಂಗತಿ. ಹುಳಿಗೆ ತಾಮ್ರ ಕರಗುತ್ತದೆ. ಕರಗಿದ ತಾಮ್ರ ಹೆಚ್ಚಾದರೆ ವಿಷ. ಆದರೆ ಅದೇ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿ ಮನುಷ್ಯನಿಗೂ ಬೆಳೆಗೂ ಬೇಕೇ ಬೇಕು. ಸಿಂದಿಯನ್ನು ಹುಳಿಸುವ, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಎಂಬ ಒಂದೇ ಕೋಶದ ಶಿಲೀಂಧ್ರಕ್ಕೂ ಹಾಗೆಯೇ. ಅದು ಈ ವಿಷದಿಂದ ಪಾರಾಗುವ ರೀತಿಯನ್ನು ಬೆಳೆಗೆ ತಾಮ್ರದ ಔಷಧಿ ಬಳಸುವವರು ಅರಿತಿರುವುದು ಒಳ್ಳೆಯದು.

ಕೋಶದೊಳಗೆ ತಾಮ್ರ ಹೆಚ್ಚಾದೊಡನೆ ಯೀಸ್ಟ್ ಮೆಟಲೋಥಯೋನಿನ್ ಎಂಬ ಚಿಕ್ಕ ಪ್ರೋಟೀನನ್ನು ತಯಾರಿಸತೊಡಗುತ್ತದೆ. ಇದರಲ್ಲಿ ಗಂಧಕವುಳ್ಳ 12 ಕೊಂಡಿಗಳಿವೆ. ಗಂಧಕಕ್ಕೂ ತಾಮ್ರಕ್ಕೂ ಬಲವಾದ ನಂಟು. ದಾವಣಿಗೆ ದನ ಕಟ್ಟಿದಂತೆ ತಾಮ್ರದ ಕಣಗಳು ಅಲ್ಲಿ ಸಿಕ್ಕಿಬೀಳುತ್ತವೆ. ಕ್ಯಾಡ್ಮಿಯಂ ಒಳಬಂದರೆ ಗ್ಲುಟಾಥಯೋನ್ ಎಂಬ ಇನ್ನೊಂದು ಗಂಧಕದ ವಸ್ತು ಅದನ್ನು ಹಿಡಿಯುತ್ತದೆ. ಬಳಿಕ ಅದು ಕೋಶದೊಳಗಿನ ರಸದ ಚೀಲಕ್ಕೆ ಸೇರುತ್ತದೆ. ಹೆಚ್ಚಾದ ಸತುವನ್ನೂ ಅದೇ ಚೀಲದಲ್ಲಿ, ಹಗೇವಿನಲ್ಲಿ ಜೋಳ ತುಂಬಿದಂತೆ, ಕೂಡಿಟ್ಟು ಕೊರತೆ ಬಿದ್ದಾಗ ತೆಗೆದುಕೊಳ್ಳುತ್ತದೆ. ಆರ್ಸೆನಿಕ್ಕನ್ನು ಬಹುಮಟ್ಟಿಗೆ ಹೊರಗೇ ದಬ್ಬುತ್ತದೆ.

ಫ್ರಾನ್ಸಿನಲ್ಲಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ದ್ರಾಕ್ಷಿ ತೋಟಗಳಿಗೆಲ್ಲ ಹರಡಿತು. ದ್ರಾಕ್ಷಾರಸದ ಹಲವು ಯೀಸ್ಟ್ ತಳಿಗಳಲ್ಲಿ ಇಂದು ಮೆಟಲೋಥಯೋನಿನ್ ತಯಾರಿಸುವ ವಂಶವಾಹಿಯ ಪ್ರತಿ ಒಂದಲ್ಲ, ಹಲವಾರು ಇವೆ. ತಲೆಮಾರುಗಟ್ಟಲೆ ನಡೆದ ತಾಮ್ರದ ಸಿಂಪರಣೆಯೇ ಇದಕ್ಕೆ ಕಾರಣವಿರಬೇಕೆಂದು ವಿಜ್ಞಾನಿಗಳ ಊಹೆ. ಸೂಕ್ಷ್ಮಜೀವಿಗಳೂ ಔಷಧಿಗೆ ಒಗ್ಗಿಕೊಳ್ಳುತ್ತವೆ ನೋಡಿರಿ!

ಇಲ್ಲಿ ಮುಖ್ಯವಾದ ಮಾತೊಂದಿದೆ. ಯೀಸ್ಟ್ ತಾಮ್ರವನ್ನು ಕಟ್ಟಿಹಾಕುತ್ತದೆಯೇ ಹೊರತು ನಾಶಮಾಡುವುದಿಲ್ಲ. ಯಾವ ಜೀವಿಯೂ ಲೋಹವನ್ನು ನಾಶಮಾಡಲಾರದು. ಯೀಸ್ಟ್ ಸತ್ತರೆ ಅದರೊಳಗಿನ ತಾಮ್ರ ಮತ್ತೆ ಹೊರಬೀಳುತ್ತದೆ. ಹೊಲದಲ್ಲೂ ಅಷ್ಟೆ. ಅನೇಕ ಕೀಟನಾಶಕಗಳು ಕಾಲಕ್ರಮದಲ್ಲಿ ಮಣ್ಣಿನಲ್ಲಿ ಒಡೆದು ಹೋಗುತ್ತವೆ. ತಾಮ್ರವಾದರೋ ವರ್ಷ ವರ್ಷ ಮೇಲ್ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ. ಅತಿಯಾದರೆ ಬೇರಿಗೂ ಎರೆಹುಳುವಿಗೂ ಕೇಡು. ಹುಳಿ ಗುಣದ ಮಣ್ಣಿನಲ್ಲಿ ಅದರ ಹಾವಳಿ ಹೆಚ್ಚು, ಸುಣ್ಣವುಳ್ಳ ಕಪ್ಪು ಮಣ್ಣಿನಲ್ಲಿ ಕಡಿಮೆ.

ಆದ್ದರಿಂದ ಠಾಣಾ ಕುಶನೂರ, ಔರಾದ, ಭಾಲ್ಕಿ ಕಡೆಯಲ್ಲಿ ಶುಂಠಿ ಹಾಕುವವರು ಗಡ್ಡೆ ಕೊಳೆ ತಡೆಯಲು ಮೊದಲು ನೀರು ಬಸಿದು ಹೋಗುವಂತೆ ಏರು ಮಡಿ ಮಾಡಿರಿ, ರೋಗವಿಲ್ಲದ ಬೀಜದ ಗಡ್ಡೆ ಆರಿಸಿರಿ. ತಾಮ್ರದ ಆಕ್ಸಿಕ್ಲೋರೈಡ್ ಬುಡಕ್ಕೆ ಸುರಿಯಬೇಕಾದಾಗ ಲೀಟರು ನೀರಿಗೆ 3 ಗ್ರಾಂ ಸಾಕು. ಕೈಯಳತೆ ಬೇಡ, ತೂಗಿ ಹಾಕಿರಿ. ಮಣ್ಣು ಆರೋಗ್ಯ ಚೀಟಿಯಲ್ಲಿ ಸತುವಿನ ಜೊತೆಗೆ ತಾಮ್ರದ ಅಂಕಿಯೂ ಇರುತ್ತದೆ. ಮುಂದಿನ ಸಲ ಚೀಟಿ ಕೈಗೆ ಬಂದಾಗ ಹಿಂದಿನದರೊಡನೆ ಹೋಲಿಸಿ, ಏರಿದ್ದು ಕಂಡರೆ ಬೀದರ ಕೃಷಿ ವಿಜ್ಞಾನ ಕೇಂದ್ರದವರಿಗೆ ಎರಡನ್ನೂ ತೋರಿಸಿರಿ.